ರೈತನ ಸೊಂಟನೋವು: ಮಲಗುವುದೇ ಮದ್ದಲ್ಲ

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಅರಿಯದ ರೈತರಿಲ್ಲ. ಆದರೆ ಕೈ ಕೆಸರಾಗಬೇಕಾದರೆ ಮೊದಲು ಸೊಂಟ ಬಾಗಬೇಕು. ನಾಟಿ, ಕಳೆ, ಕೊಯ್ಲು, ಕಂತೆ ಕಟ್ಟುವುದು, ಗೊಬ್ಬರ ಹೊರುವುದು, ಹಾಲು ಕರೆಯುವುದು ಹೀಗೆ ಬೇಸಾಯದ ಬಹುಪಾಲು ಕೆಲಸಗಳು ಬಗ್ಗಿ ಅಥವಾ ಕುಕ್ಕರಗಾಲಿನಲ್ಲಿ ಕುಳಿತು ಮಾಡುವಂಥವು. ಎತ್ತಿನ ಹೆಗಲು ಬಾತುಕೊಂಡರೆ ರೈತ ಕೂಡಲೇ ನೊಗವನ್ನು ಪರೀಕ್ಷಿಸುತ್ತಾನೆ. ಪಂಪಿನಲ್ಲಿ ಹೊಸ ಸದ್ದು ಕೇಳಿದರೆ ರಿಪೇರಿಯವನನ್ನು ಕರೆಸುತ್ತಾನೆ. ತನ್ನ ಸೊಂಟ ಹಿಡಿದುಕೊಂಡಾಗ ಮಾತ್ರ ಒಂದೋ ಹಲ್ಲು ಕಚ್ಚಿ ದುಡಿಯುತ್ತಾನೆ, ಇಲ್ಲವೇ ವಾರಗಟ್ಟಲೆ ಮಂಚ ಹಿಡಿಯುತ್ತಾನೆ. ಈ ಎರಡು ದಾರಿಗಳೂ ತಪ್ಪು ಎಂಬುದು ಕಳೆದ ನಾಲ್ಕು ದಶಕಗಳ ಸಂಶೋಧನೆಗಳಿಂದ ಸ್ಪಷ್ಟವಾಗಿದೆ.

ಸೊಂಟನೋವು ಯಾವುದೋ ಒಂದು ಊರಿನ ಅಥವಾ ಒಂದು ಕಸುಬಿನ ತೊಂದರೆಯಲ್ಲ. 2020 ರಲ್ಲಿ ಪ್ರಪಂಚದಾದ್ಯಂತ ಸುಮಾರು 61 ಕೋಟಿ 90 ಲಕ್ಷ ಜನ ಇದರಿಂದ ನರಳುತ್ತಿದ್ದರೆಂದೂ, 2050 ರ ವೇಳೆಗೆ ಈ ಸಂಖ್ಯೆ 84 ಕೋಟಿ ದಾಟಬಹುದೆಂದೂ ಅಂದಾಜು ಮಾಡಲಾಗಿದೆ. ಮನುಷ್ಯರನ್ನು ಕೆಲಸಕ್ಕೆ ಅಸಮರ್ಥರನ್ನಾಗಿ ಮಾಡುವ ಕಾರಣಗಳಲ್ಲಿ ಇದಕ್ಕೆ ಮೊದಲ ಸ್ಥಾನವಿದೆ. ಸಂಬಳದ ಕೆಲಸಗಾರ ರಜೆ ಹಾಕಬಹುದು. ಮಳೆ ಬಿದ್ದು ಹದ ಬಂದಾಗ ರೈತನಿಗೆ ರಜೆಯಿಲ್ಲ. ಆದ್ದರಿಂದ ಈ ವಿಷಯದ ತಿಳಿವಳಿಕೆ ಬೀಜ ಗೊಬ್ಬರಗಳ ತಿಳಿವಳಿಕೆಯಷ್ಟೇ ಅವಶ್ಯ.

ಸೊಂಟ ಏಕೆ ನೋಯುತ್ತದೆ?

ಬೆನ್ನೆಲುಬು ಒಂದೇ ಮೂಳೆಯಲ್ಲ. ಅದು ಒಂದರ ಮೇಲೊಂದು ಜೋಡಿಸಿದ ಮಣಿಗಳ ಸಾಲು. ಮಣಿಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ಗಾಡಿಯ ಪಟ್ಟೆಯಂತೆ ಇವು ಭಾರವನ್ನೂ ಕುಲುಕಾಟವನ್ನೂ ತಾಳಿಕೊಳ್ಳುತ್ತವೆ. ಮಣಿಗಳನ್ನು ಹಿಡಿದು ನಿಲ್ಲಿಸಲು ಗಟ್ಟಿಯಾದ ನಾರುಗಳೂ, ಬೆನ್ನು, ಹೊಟ್ಟೆ ಮತ್ತು ಪೃಷ್ಠದ ಸ್ನಾಯುಗಳೂ ಇವೆ. ಡೇರೆಯ ಕಂಬವನ್ನು ನಾಲ್ಕೂ ಕಡೆಯ ಹಗ್ಗಗಳು ಹಿಡಿದು ನಿಲ್ಲಿಸುವಂತೆ ಈ ಸ್ನಾಯುಗಳು ಬೆನ್ನನ್ನು ನಿಲ್ಲಿಸುತ್ತವೆ. ಹಗ್ಗ ಸಡಿಲವಾದರೆ ಕಂಬ ವಾಲುವುದು ಸಹಜ.

ಬಗ್ಗಿದಾಗ ಈ ಮೆತ್ತೆಗಳ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂಬುದನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. 1960 ರ ದಶಕದಲ್ಲಿ ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಚೆಮ್ಸನ್ ಅವರು ಡಿಸ್ಕಿನೊಳಗೆ ಸೂಜಿ ಇಳಿಸಿ ಅಲ್ಲಿನ ಒತ್ತಡವನ್ನು ಅಳೆದರು. 1999 ರಲ್ಲಿ ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ಸ್ವಯಂಸೇವಕನಲ್ಲಿ ಇಂಥದೇ ಅಳತೆಯನ್ನು ಮತ್ತೆ ಮಾಡಿದರು. ಆತ ಮಲಗಿದ್ದಾಗ ಒತ್ತಡ 0.1 ಮೆಗಾಪಾಸ್ಕಲ್, ನೇರವಾಗಿ ನಿಂತಾಗ 0.5 ಇದ್ದಿತು. ಸುಮಾರು 20 ಕಿಲೋ ತೂಕವನ್ನು ಬೆನ್ನು ಬಾಗಿಸಿ ಎತ್ತಿದಾಗ ಅದು 2.3 ಕ್ಕೆ ಏರಿತು. ಅದೇ ತೂಕವನ್ನು ಮೊಣಕಾಲು ಮಡಿಸಿ ಎತ್ತಿದಾಗ 1.7 ಆಯಿತು. ಮೈಗೆ ಒತ್ತಿಕೊಂಡು ಹಿಡಿದಾಗ 1.1 ಕ್ಕೆ ಇಳಿಯಿತು. ಅಂದರೆ ಒಂದೇ ಭಾರ, ಹಿಡಿಯುವ ಕ್ರಮದ ಮೇಲೆ, ಇಮ್ಮಡಿಯೂ ಆಗಬಹುದು, ಅರ್ಧವೂ ಆಗಬಹುದು.

ಹಾಗೆಂದು ಬಗ್ಗುವುದೇ ಅಪಾಯವೆಂದು ತಿಳಿಯಬಾರದು. ಬೆನ್ನು ಬಾಗುವುದಕ್ಕೇ ರಚನೆಯಾದ ಅಂಗ. ತೊಂದರೆ ಬರುವುದು ಬಿಡುವಿಲ್ಲದೆ ಗಂಟೆಗಟ್ಟಲೆ ಬಗ್ಗಿಯೇ ಇರುವುದರಿಂದ, ಶಕ್ತಿ ಮೀರಿದ ಭಾರವನ್ನು ಒಮ್ಮೆಗೇ ಎತ್ತುವುದರಿಂದ, ಭಾರ ಹೊತ್ತು ಸೊಂಟ ತಿರುಚುವುದರಿಂದ ಹಾಗೂ ಟ್ರ್ಯಾಕ್ಟರಿನಂಥ ವಾಹನಗಳ ಮೇಲೆ ದಿನವಿಡೀ ಕುಲುಕಾಡುವುದರಿಂದ. ಬೇಸಿಗೆಯಲ್ಲಿ ಎರಡು ಮೂರು ತಿಂಗಳು ಹೆಚ್ಚು ಕೆಲಸವಿಲ್ಲದೆ ಇದ್ದು, ಮುಂಗಾರು ಬಿದ್ದ ಮರುದಿನವೇ ಇಡೀ ದಿನದ ದುಡಿಮೆಗೆ ಇಳಿಯುವುದೂ ಒಂದು ಕಾರಣ.

ಒಂದು ಉದಾಹರಣೆ

ಎರಡೆಕರೆ ನೀರಾವರಿ ಜಮೀನಿರುವ ಒಬ್ಬ ರೈತನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನಾಟಿಗೆ ಇನ್ನು ನಾಲ್ಕು ದಿನ ಇರುವಾಗ ಗೊಬ್ಬರದ ಚೀಲ ಇಳಿಸುವಾಗ ಆತನ ಸೊಂಟ ಹಿಡಿದುಕೊಳ್ಳುತ್ತದೆ. "ಏಳಬೇಡ ಮಗಾ, ಅಲುಗಾಡದೆ ಮಲಗಿಕೊ" ಎಂದು ತಾಯಿ ಹೇಳುತ್ತಾಳೆ. ನೆರೆಯವರೊಬ್ಬರು ಜೋರಾಗಿ ತಿಕ್ಕಿ ಎಣ್ಣೆ ಹಚ್ಚುತ್ತಾರೆ. ಅಂಗಡಿಯಿಂದ ತಂದ ಬಣ್ಣ ಬಣ್ಣದ ಮಾತ್ರೆಗಳ ಪೊಟ್ಟಣದಿಂದ ಎರಡು ದಿನ ನೋವು ಅಡಗುತ್ತದೆ, ಮೂರನೆಯ ದಿನ ಮರಳುತ್ತದೆ. ಹತ್ತು ದಿನ ಮಲಗಿದ ಮೇಲೆ ಕಾಲುಗಳಲ್ಲಿ ಬಲವಿಲ್ಲ. ಮಡಿಯಲ್ಲಿ ಪೈರು ಬಲಿತುಹೋಗುತ್ತದೆ. ಪಟ್ಟಣಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದಾಗ "ಡಿಸ್ಕ್ ಉಬ್ಬಿದೆ" ಎಂಬ ಚೀಟಿ ಕೈಗೆ ಬರುತ್ತದೆ. ಇನ್ನು ಬೇಸಾಯ ತನ್ನಿಂದಾಗದು ಎಂದು ಎದೆಗುಂದಿದ ಆತ ಹಸು ಮಾರುವ ಯೋಚನೆಗೆ ಬರುತ್ತಾನೆ.

ಇಂಥ ಕಥೆ ಯಾವ ಊರಿನಲ್ಲಾದರೂ ಕೇಳಿಬರುವಂಥದು. ಇದರಲ್ಲಿ ಎಲ್ಲೆಲ್ಲಿ ದಾರಿ ತಪ್ಪಿತು ಎಂಬುದನ್ನು ಒಂದೊಂದಾಗಿ ನೋಡಬೇಕು.

ಮಲಗಿದರೆ ವಾಸಿಯಾಗುವುದೇ?

ಒಂದು ಕಾಲದಲ್ಲಿ ವೈದ್ಯರೂ ಸೊಂಟನೋವಿಗೆ ಒಂದೆರಡು ವಾರ ಮಲಗುವ ಸಲಹೆಯನ್ನೇ ಕೊಡುತ್ತಿದ್ದರು. ಇದನ್ನು ಪರೀಕ್ಷಿಸಲು ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ 203 ರೋಗಿಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ 2 ದಿನ, ಇನ್ನೊಂದಕ್ಕೆ 7 ದಿನ ಮಲಗುವಂತೆ ಹೇಳಲಾಯಿತು. 1986 ರಲ್ಲಿ ಪ್ರಕಟವಾದ ಫಲಿತಾಂಶದಂತೆ 2 ದಿನದ ಸಲಹೆ ಪಡೆದವರು ಕಳೆದುಕೊಂಡ ಕೆಲಸದ ದಿನಗಳು ಶೇಕಡ 45 ರಷ್ಟು ಕಡಿಮೆ. ಮಿಕ್ಕ ಯಾವ ವಿಷಯದಲ್ಲೂ 7 ದಿನ ಮಲಗಿದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ.

1995 ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ 186 ನೌಕರರ ಮೇಲೆ ನಡೆದ ಪರೀಕ್ಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ಗುಂಪಿನವರು 2 ದಿನ ಮಲಗಿದರು. ಎರಡನೆಯ ಗುಂಪಿನವರು ಬೆನ್ನಿನ ವ್ಯಾಯಾಮ ಮಾಡಿದರು. ಮೂರನೆಯವರು ನೋವು ತಾಳುವಷ್ಟರ ಮಟ್ಟಿಗೆ ದಿನನಿತ್ಯದ ಕೆಲಸಗಳನ್ನು ಮುಂದುವರಿಸಿದರು. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಈ ಮೂರನೆಯ ಗುಂಪಿನವರು. ಎಲ್ಲರಿಗಿಂತ ನಿಧಾನವಾದವರು ಮಲಗಿದವರು.

ಇದಕ್ಕೆ ಕಾರಣ ಸುಲಭವಾಗಿ ತಿಳಿಯುವಂಥದು. ನಿಂತ ನೀರು ಪಾಚಿ ಕಟ್ಟುವಂತೆ ಅಲುಗಾಡದ ಕೀಲು ಬಿಗಿಯುತ್ತದೆ, ದುಡಿಯದ ಸ್ನಾಯು ಸೊರಗುತ್ತದೆ. ಮಲಗಿದಷ್ಟೂ ದೇಹದ ಬಲ ಕುಂದುತ್ತದೆ, ನೋವಿನ ಭಯ ಹೆಚ್ಚುತ್ತದೆ. ಆದ್ದರಿಂದ ತೀವ್ರ ನೋವಿದ್ದಾಗ ಒಂದು ಅಥವಾ ಎರಡು ದಿನ ಹೆಚ್ಚಾಗಿ ವಿಶ್ರಾಂತಿ ಪಡೆದರೂ, ನಡುನಡುವೆ ಎದ್ದು ಮನೆಯೊಳಗೆ ಓಡಾಡಬೇಕು. ಆ ಬಳಿಕ ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಕೆಲಸ ಹೆಚ್ಚಿಸಬೇಕು. ಅಲುಗಾಡುವಾಗ ಸ್ವಲ್ಪ ನೋವಾದ ಮಾತ್ರಕ್ಕೆ ಬೆನ್ನಿಗೆ ಹಾನಿಯಾಯಿತೆಂದು ಅರ್ಥವಲ್ಲ. ಬಹುಪಾಲು ಸೊಂಟನೋವು ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ಸ್ಕ್ಯಾನ್ ಚೀಟಿಗೆ ಹೆದರಬಾರದು

1994 ರಲ್ಲಿ ಅಮೆರಿಕದಲ್ಲಿ, ಸೊಂಟನೋವೇ ಇಲ್ಲದ 98 ಜನರ ಬೆನ್ನಿನ ಎಂ.ಆರ್.ಐ. ಚಿತ್ರಗಳನ್ನು ಪರಿಶೀಲಿಸಲಾಯಿತು. ಅವರಲ್ಲಿ ಶೇಕಡ 52 ಜನರಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು, ಶೇಕಡ 27 ಜನರಲ್ಲಿ ಹೊರಚಾಚಿತ್ತು. ಇವರಾರಿಗೂ ನೋವಿರಲಿಲ್ಲ ಎಂಬುದು ಗಮನಾರ್ಹ. ವಯಸ್ಸಾದಂತೆ ತಲೆ ನರೆಯುವ ಹಾಗೆ ಡಿಸ್ಕೂ ಸವೆಯುತ್ತದೆ. ಅದು ಚಿತ್ರದಲ್ಲಿ ಕಂಡ ಮಾತ್ರಕ್ಕೆ ಅದೇ ನೋವಿನ ಮೂಲವೆಂದಾಗಲಿ, ಶಸ್ತ್ರಚಿಕಿತ್ಸೆ ಬೇಕೆಂದಾಗಲಿ, ಬೇಸಾಯ ಬಿಡಬೇಕೆಂದಾಗಲಿ ತೀರ್ಮಾನಿಸುವಂತಿಲ್ಲ. ನೂರು ಸೊಂಟನೋವುಗಳಲ್ಲಿ ತೊಂಬತ್ತರಷ್ಟಕ್ಕೆ ಇಂಥದೇ ಕಾರಣವೆಂದು ಬೊಟ್ಟು ಮಾಡಿ ತೋರಿಸುವ ರೋಗವಿರುವುದಿಲ್ಲ. ವೈದ್ಯರು ಮೈ ಮುಟ್ಟಿ ಪರೀಕ್ಷಿಸಿ ಅವಶ್ಯವೆಂದು ಹೇಳಿದಾಗ ಮಾತ್ರ ಸ್ಕ್ಯಾನಿಗೆ ಹಣ ವೆಚ್ಚ ಮಾಡುವುದು ಸರಿ.

ಅಂಗಡಿಯಲ್ಲಿ ತಾವಾಗಿ ಕೇಳಿ ತರುವ ನೋವಿನ ಮಾತ್ರೆಗಳ ಬಗ್ಗೆ ಎಚ್ಚರ ಬೇಕು. ಇವನ್ನು ದಿನಗಟ್ಟಲೆ ನುಂಗುವುದರಿಂದ ಜಠರದಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ಮೂತ್ರಪಿಂಡಗಳು ಕೆಡಬಹುದು. ಹೆಸರಿಲ್ಲದ ಪೊಟ್ಟಣಗಳಲ್ಲಿ ಸ್ಟೆರಾಯ್ಡ್ ಔಷಧ ಸೇರಿದ್ದರೆ ಕ್ರಮೇಣ ಮೂಳೆಯೇ ಟೊಳ್ಳಾಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಂತೂ ವೈದ್ಯರ ಸಲಹೆಯಿಲ್ಲದೆ ಇವನ್ನು ಮುಟ್ಟಬಾರದು.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

ಎಲ್ಲ ಸೊಂಟನೋವೂ ತಾನಾಗಿ ವಾಸಿಯಾಗುವಂಥದಲ್ಲ. ಕೆಳಗಿನ ಯಾವುದೇ ಲಕ್ಷಣ ಕಂಡರೂ ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

1. ಮೂತ್ರ ಕಟ್ಟುವುದು, ಅಥವಾ ಮಲಮೂತ್ರಗಳ ಮೇಲೆ ಹಿಡಿತ ತಪ್ಪುವುದು. ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟುವುದು. ಇದು ತುರ್ತು ಸ್ಥಿತಿ. ಅದೇ ದಿನ ದೊಡ್ಡ ಆಸ್ಪತ್ರೆ ಸೇರಬೇಕು.
2. ಕಾಲಿನಲ್ಲಿ ಬಲ ಕುಂದುತ್ತಾ ಹೋಗುವುದು, ಪಾದ ಎತ್ತಲಾಗದೆ ಎಡವುವುದು.
3. ಅಡಿಕೆ ಅಥವಾ ತೆಂಗಿನ ಮರದಿಂದ, ಬಣವೆಯಿಂದ, ಗಾಡಿಯಿಂದ ಬಿದ್ದ ಮೇಲೆ ಬಂದ ನೋವು. ಇಂಥವರನ್ನು ಎಬ್ಬಿಸಿ ಕೂರಿಸದೆ, ಬೆನ್ನು ತಿರುಚದಂತೆ ಗಟ್ಟಿ ಹಲಗೆಯ ಮೇಲೆ ಸಾಗಿಸಬೇಕು.
4. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ಬೆನ್ನೆಲುಬಿನ ಕ್ಷಯ ಹೀಗೆ ಕಾಣಿಸಿಕೊಳ್ಳಬಹುದು. ಕಂದು ಹಾಕಿದ ದನವನ್ನು ಬರಿಗೈಯಲ್ಲಿ ಮುಟ್ಟಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಬರುವ ಬ್ರುಸೆಲ್ಲಾ ರೋಗದಲ್ಲೂ ಜ್ವರದೊಡನೆ ಸೊಂಟನೋವು ಇರುತ್ತದೆ.
5. ಮಲಗಿದರೂ ಕಡಿಮೆಯಾಗದೆ ರಾತ್ರಿ ನಿದ್ದೆಗೆಡಿಸುವ ನೋವು. ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಬಂದ ನೋವು.
6. ಆರು ವಾರ ಕಳೆದರೂ ಇಳಿಮುಖವಾಗದ ನೋವು.

ಹೊಲದ ದುಡಿಮೆ ಇರುವಾಗ ವ್ಯಾಯಾಮ ಏಕೆ?

ಬೆಳಗಿನಿಂದ ಬೈಗಿನವರೆಗೆ ದುಡಿಯುವವನಿಗೆ ವ್ಯಾಯಾಮ ಬೇಕೇ ಎಂದು ರೈತರು ಕೇಳುವುದುಂಟು. ಪ್ರಶ್ನೆ ಸರಿಯಾದುದೇ. ಆದರೆ ದುಡಿಮೆ ಬೇರೆ, ವ್ಯಾಯಾಮ ಬೇರೆ. ನಾಟಿ ಮಾಡುವವರ ಬೆನ್ನು ದಿನವಿಡೀ ಮುಂದಕ್ಕೇ ಬಾಗಿರುತ್ತದೆ, ಒಮ್ಮೆಯೂ ಹಿಂದಕ್ಕೆ ಬಾಗುವುದಿಲ್ಲ. ಸಿಂಪರಣೆ ಮಾಡುವವನ ಒಂದೇ ಕೈ ಸಾವಿರಾರು ಸಲ ಆಡುತ್ತದೆ. ಕೆಲವು ಸ್ನಾಯುಗಳು ಅತಿಯಾಗಿ ದಣಿಯುತ್ತವೆ, ಉಳಿದವು ಸೋಮಾರಿಯಾಗುತ್ತವೆ. ಒಂದೇ ಬೆಳೆಯನ್ನು ವರ್ಷವರ್ಷವೂ ಬೆಳೆದ ಭೂಮಿ ಬಡವಾದಂತೆಯೇ ಇದೂ. ದುಡಿಮೆಯಲ್ಲಿ ಬಿಟ್ಟುಹೋದ ಚಲನೆಗಳನ್ನು ತುಂಬಿಕೊಡುವುದೇ ವ್ಯಾಯಾಮದ ಉದ್ದೇಶ. ಅಲ್ಲದೆ ಹಿಂದೆ ಹೊಲಕ್ಕೆ ನಡೆದು ಹೋಗುತ್ತಿದ್ದವರು ಈಗ ಮೋಟಾರ್ ಸೈಕಲ್ ಏರುತ್ತಾರೆ. ದುಡಿಮೆ ಭಾರವಾಗಿಯೇ ಉಳಿದು, ನಡಿಗೆ ಮಾತ್ರ ಕಡಿಮೆಯಾಗಿದೆ.

ವಯಸ್ಕರು ವಾರಕ್ಕೆ 150 ರಿಂದ 300 ನಿಮಿಷ ಸಾಧಾರಣ ಬಿರುಸಿನ ದೈಹಿಕ ಚಟುವಟಿಕೆಯನ್ನೂ, ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020 ರಲ್ಲಿ ಸೂಚಿಸಿದೆ. 65 ವರ್ಷ ಮೀರಿದವರು ಬೀಳದಂತೆ ಸಮತೋಲ ಕಾಯುವ ವ್ಯಾಯಾಮಗಳನ್ನು ವಾರಕ್ಕೆ 3 ದಿನ ಮಾಡುವುದು ಒಳ್ಳೆಯದು.

ಒಮ್ಮೆ ವಾಸಿಯಾದ ಸೊಂಟನೋವು ಮರುಕಳಿಸುವುದೇ ಹೆಚ್ಚು. ಇದನ್ನು ತಡೆಯುವ ಬಗೆಯನ್ನು ಆಸ್ಟ್ರೇಲಿಯಾದ ಭೌತಚಿಕಿತ್ಸಾ ಸಂಶೋಧಕರು 701 ಜನರಲ್ಲಿ ಪರೀಕ್ಷಿಸಿ 2024 ರಲ್ಲಿ ಪ್ರಕಟಿಸಿದ್ದಾರೆ. ಒಂದು ಗುಂಪಿನವರು ಭೌತಚಿಕಿತ್ಸಕರ ಮಾರ್ಗದರ್ಶನದಲ್ಲಿ ಕ್ರಮೇಣ ನಡಿಗೆ ಹೆಚ್ಚಿಸಿ, ವಾರಕ್ಕೆ 5 ದಿನ 30 ನಿಮಿಷದಷ್ಟು ನಡೆಯುವ ಗುರಿ ಇಟ್ಟುಕೊಂಡರು. ಇನ್ನೊಂದು ಗುಂಪಿಗೆ ಏನನ್ನೂ ಹೇಳಲಿಲ್ಲ. ನೋವು ಮರುಕಳಿಸುವ ಮಧ್ಯಮ ಅವಧಿ ಎರಡನೆಯ ಗುಂಪಿನಲ್ಲಿ 112 ದಿನಗಳಾದರೆ, ನಡೆದವರಲ್ಲಿ 208 ದಿನಗಳು. ಖರ್ಚಿಲ್ಲದ ಮದ್ದಿಗೆ ಇದು ಸಣ್ಣ ಫಲವಲ್ಲ. 2016 ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ತಿಳಿವಳಿಕೆಯೊಡನೆ ವ್ಯಾಯಾಮ ಸೇರಿದರೆ ಒಂದು ವರ್ಷದವರೆಗೆ ಸೊಂಟನೋವಿನ ಸಂಭವ ಶೇಕಡ 45 ರಷ್ಟು ಇಳಿಯುವುದು ಕಂಡುಬಂದಿತು. ಸೊಂಟದ ಪಟ್ಟಿ ಕಟ್ಟಿಕೊಳ್ಳುವುದರಿಂದ ಇಂಥ ಲಾಭ ಕಾಣಲಿಲ್ಲ.

ಮನೆಯಲ್ಲೇ ಮಾಡಬಹುದಾದ ವ್ಯಾಯಾಮಗಳು

ಕೆಳಗಿನವು ಭೌತಚಿಕಿತ್ಸಕರು ಸಾಮಾನ್ಯವಾಗಿ ಹೇಳಿಕೊಡುವ ವ್ಯಾಯಾಮಗಳು. ಮೊದಲ ವಾರ ಪ್ರತಿಯೊಂದನ್ನೂ 5 ಸಲ ಮಾಡಿ, ಕ್ರಮೇಣ 10 ರಿಂದ 15 ಕ್ಕೆ ಏರಿಸಬೇಕು. ಒಟ್ಟು 15 ನಿಮಿಷ ಸಾಕು.

1. ಹಿಂದಕ್ಕೆ ಬಾಗುವುದು: ಪಾದಗಳನ್ನು ಒಂದಡಿ ಅಂತರದಲ್ಲಿಟ್ಟು ನಿಂತು, ಎರಡೂ ಅಂಗೈಗಳನ್ನು ಸೊಂಟದ ಹಿಂಭಾಗಕ್ಕೆ ಊರಿ, ಮೊಣಕಾಲು ಮಡಿಸದೆ ನಿಧಾನವಾಗಿ ಹಿಂದಕ್ಕೆ ಬಾಗಬೇಕು. ಎರಡು ಎಣಿಸಿ ನೇರವಾಗಬೇಕು. ನಾಟಿ, ಕಳೆ, ಕೊಯ್ಲಿನ ನಡುವೆ ಪ್ರತಿ ಅರ್ಧ ಗಂಟೆಗೊಮ್ಮೆ ಬದುವಿನ ಮೇಲೆ ನಿಂತು ಇದನ್ನು ಐದಾರು ಸಲ ಮಾಡಬಹುದು.

ಇಂಥ ಚಲನೆಗಳು ಭೌತಚಿಕಿತ್ಸೆಯಲ್ಲಿ ಬಳಕೆಗೆ ಬಂದ ಬಗೆ ಸ್ವಾರಸ್ಯಕರವಾಗಿದೆ. 1956 ರಲ್ಲಿ ನ್ಯೂಜಿಲೆಂಡಿನ ಭೌತಚಿಕಿತ್ಸಕ ರಾಬಿನ್ ಮೆಕೆಂಜಿ ಅವರಲ್ಲಿಗೆ ಸೊಂಟದಿಂದ ಕಾಲಿಗೆ ಇಳಿಯುವ ನೋವಿನ ರೋಗಿಯೊಬ್ಬ ಬಂದಿದ್ದ. ತಲೆಯ ಭಾಗ ಎತ್ತರಿಸಿದ್ದ ಮಂಚದ ಮೇಲೆ ಆತ ತಿಳಿಯದೆ ಬೋರಲಾಗಿ ಮಲಗಿದ. ಆಗ ಅವನ ಬೆನ್ನು ಚೆನ್ನಾಗಿ ಹಿಂದಕ್ಕೆ ಬಾಗಿತು. ಕೆಲವು ನಿಮಿಷಗಳ ಬಳಿಕ ನೋಡಿದರೆ ಅವನ ಕಾಲಿನ ನೋವು ಇಳಿದಿತ್ತು. ಇದರಿಂದ ಕುತೂಹಲಗೊಂಡ ಮೆಕೆಂಜಿ ಅವರು ಮುಂದೆ ಒಂದು ಚಿಕಿತ್ಸಾ ಕ್ರಮವನ್ನೇ ರೂಪಿಸಿದರು. ಆದರೆ ಹಿಂದಕ್ಕೆ ಬಾಗಿದಾಗ ನೋವು ಕಾಲಿನ ಕಡೆಗೆ ಇನ್ನೂ ಕೆಳಗಿಳಿದರೆ ಈ ವ್ಯಾಯಾಮ ನಿಲ್ಲಿಸಿ ಭೌತಚಿಕಿತ್ಸಕರನ್ನು ಕಾಣಬೇಕು.

2. ಸೊಂಟ ಎತ್ತುವುದು: ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಿಸಿ, ಪಾದಗಳನ್ನು ನೆಲಕ್ಕೆ ಊರಬೇಕು. ಪೃಷ್ಠದ ಸ್ನಾಯುಗಳನ್ನು ಬಿಗಿಹಿಡಿದು ಸೊಂಟವನ್ನು ಮೇಲೆತ್ತಿ, ಐದು ಎಣಿಸಿ ಇಳಿಸಬೇಕು. ಉಸಿರು ಕಟ್ಟಬಾರದು.

3. ಕೈಕಾಲು ಚಾಚುವುದು: ಹಸುವಿನಂತೆ ಅಂಗೈ ಮತ್ತು ಮೊಣಕಾಲುಗಳ ಮೇಲೆ ನಿಂತು, ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ ಐದು ಎಣಿಸಬೇಕು. ನಂತರ ಎಡಗೈ, ಬಲಗಾಲು. ಸೊಂಟ ಒಂದು ಕಡೆಗೆ ವಾಲದಂತೆ ನೋಡಿಕೊಳ್ಳಬೇಕು.

4. ಜಗಲಿಯಿಂದ ಏಳುವುದು: ಮೊಣಕಾಲೆತ್ತರದ ಜಗಲಿಯ ಮೇಲೆ ಕುಳಿತು, ಕೈಯೂರದೆ ಎದ್ದು ನಿಂತು, ಮತ್ತೆ ನಿಧಾನವಾಗಿ ಕೂರಬೇಕು. ತೊಡೆಯ ಬಲಕ್ಕೆ ಇದಕ್ಕಿಂತ ಸರಳವಾದ ವ್ಯಾಯಾಮವಿಲ್ಲ. ವಯಸ್ಸಾದವರು ಮೊದಮೊದಲು ಕಂಬ ಹಿಡಿದುಕೊಳ್ಳಬಹುದು.

5. ನಡಿಗೆ: ಮೊದಲು 10 ನಿಮಿಷ, ವಾರ ವಾರಕ್ಕೆ ಐದೈದು ನಿಮಿಷ ಹೆಚ್ಚಿಸಿ 30 ನಿಮಿಷಕ್ಕೆ ತರಬೇಕು. ಹೊಲ ಹತ್ತಿರವಿದ್ದವರು ವಾಹನ ಬಿಟ್ಟು ನಡೆದು ಹೋದರೆ ಬೇರೆ ಸಮಯ ಹುಡುಕಬೇಕಾಗಿಲ್ಲ.

ಮೊಣಕಾಲು ನೋವು

ಐವತ್ತು ದಾಟಿದ ಮೇಲೆ, ಅದರಲ್ಲೂ ಹೆಂಗಸರಲ್ಲಿ, ಮೊಣಕಾಲಿನ ಸವೆತ ಹೆಚ್ಚಾಗಿ ಕಂಡುಬರುತ್ತದೆ. ಯೌವನದಲ್ಲಿ ಹೆಚ್ಚು ಹೊತ್ತು ಕುಕ್ಕರಗಾಲಿನಲ್ಲಿ ಕುಳಿತವರಲ್ಲಿ ಇದು ಹೆಚ್ಚೆಂದು ಚೀನಾದ ಬೀಜಿಂಗ್ ನಗರದ ವೃದ್ಧರ ಅಧ್ಯಯನದಿಂದ 2004 ರಲ್ಲಿ ತಿಳಿದುಬಂದಿತು. ತೂಕವೂ ಮುಖ್ಯ ಕಾರಣ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆಂದು 2005 ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ.

ಕೀಲು ಸವೆದಿದೆ, ಆದ್ದರಿಂದ ನಡೆಯಬಾರದು ಎಂಬ ನಂಬಿಕೆ ಬಳಕೆಯಲ್ಲಿದೆ. ಇದು ಸರಿಯಲ್ಲ. ಕೀಲಿನ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಕೀಲು ಆಡಿದಾಗ ಅದರೊಳಗಿನ ದ್ರವದಿಂದಲೇ ಅದು ಪೋಷಣೆ ಪಡೆಯುತ್ತದೆ. ತೊಡೆಯ ಸ್ನಾಯು ಬಲವಾಗಿದ್ದರೆ ಕೀಲಿನ ಹೊರೆಯನ್ನು ಹಂಚಿಕೊಳ್ಳುತ್ತದೆ. ಆದ್ದರಿಂದ ಜಗಲಿಯಿಂದ ಏಳುವ ವ್ಯಾಯಾಮ ಮತ್ತು ನಡಿಗೆ ಮೊಣಕಾಲಿಗೂ ಮದ್ದು. ಹಾಲು ಕರೆಯಲು, ಪಾತ್ರೆ ತೊಳೆಯಲು, ತರಕಾರಿ ವಿಂಗಡಿಸಲು ಒಂದಡಿ ಎತ್ತರದ ಸಣ್ಣ ಮಣೆ ಅಥವಾ ಸ್ಟೂಲ್ ಇಟ್ಟುಕೊಂಡರೆ ಕುಕ್ಕರಗಾಲಿನ ಹೊತ್ತು ಕಡಿಮೆಯಾಗುತ್ತದೆ.

ಸಲಕರಣೆ ಬದಲಾದರೆ ಸೊಂಟ ಉಳಿಯುತ್ತದೆ

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಸೊಪ್ಪು ಮತ್ತು ಸಕ್ಕರೆ ಬೀಟ್‌ಗೆಡ್ಡೆ ಬೆಳೆಗಳಲ್ಲಿ ಸಸಿ ತೆಳುಮಾಡಲು ಮತ್ತು ಕಳೆ ತೆಗೆಯಲು ಬಹುಕಾಲ ಗಿಡ್ಡ ಹಿಡಿಯ ಗುದ್ದಲಿಯನ್ನು ಬಳಸಲಾಗುತ್ತಿತ್ತು. ಹೆಚ್ಚಿನವರು ಮೆಕ್ಸಿಕೋ ಮೂಲದವರಾಗಿದ್ದ ಆ ಕೂಲಿಕಾರರು ಅದನ್ನು ತಮ್ಮ ಸ್ಪ್ಯಾನಿಷ್ ಭಾಷೆಯಲ್ಲಿ 'ಎಲ್ ಕೊರ್ತಿತೊ', ಅಂದರೆ 'ಗಿಡ್ಡ' ಎಂದು ಕರೆಯುತ್ತಿದ್ದರು. ಅದನ್ನು ಹಿಡಿದವರು ದಿನವಿಡೀ ಸೊಂಟ ಮಡಿಚಿಯೇ ಇರಬೇಕಾಗಿತ್ತು. ಉದ್ದ ಹಿಡಿಯ ಗುದ್ದಲಿ ಕೊಟ್ಟರೆ ಕೆಲಸ ಅಚ್ಚುಕಟ್ಟಾಗದು, ಬೆಳೆ ಹಾಳಾಗುತ್ತದೆ ಎಂಬುದು ಜಮೀನುದಾರರ ವಾದ. ಗಿಡ್ಡ ಗುದ್ದಲಿಯಿಂದ ಬೆನ್ನು ಶಾಶ್ವತವಾಗಿ ಕೆಡುತ್ತದೆಂದು ವೈದ್ಯರು ಸಾಕ್ಷಿ ಹೇಳಿದರು. 1975 ರಲ್ಲಿ ಆ ಪ್ರಾಂತದ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ಗಿಡ್ಡ ಗುದ್ದಲಿ ನಿಷೇಧವಾಯಿತು. ಅಲ್ಲಿನ ಬೆಳೆಯೇನೂ ನಿಲ್ಲಲಿಲ್ಲ.

ಇದರ ಪಾಠ ನಮ್ಮ ಹೊಲಗಳಿಗೂ ಅನ್ವಯಿಸುತ್ತದೆ. ಸಾಲಿನಲ್ಲಿ ಬಿತ್ತಿದ ರಾಗಿ, ಜೋಳ, ಶೇಂಗಾ, ತರಕಾರಿ ಬೆಳೆಗಳಲ್ಲಿ ಕುಳಿತು ಕಳೆ ಕೀಳುವ ಬದಲು ನಿಂತೇ ತಳ್ಳುವ ಸೈಕಲ್ ಎಡೆಕುಂಟೆ ಬಳಸಬಹುದು. ಸಾಲು ನಾಟಿ ಮಾಡಿದ ಭತ್ತದಲ್ಲಿ ಕೋನೋವೀಡರ್ ಉಪಯುಕ್ತ. ಮಟ್ಟವಾದ ಗದ್ದೆಯಲ್ಲಿ ಮೊಳಕೆ ಬರಿಸಿದ ಬೀಜವನ್ನು ಡ್ರಮ್ ಸೀಡರಿನಿಂದ ನಿಂತೇ ಬಿತ್ತಬಹುದು. ಹರಿತವಾದ, ಹಗುರವಾದ, ಹಲ್ಲಿರುವ ಕುಡುಗೋಲು ಕೊಯ್ಲಿನ ಶ್ರಮವನ್ನು ತಗ್ಗಿಸುತ್ತದೆ. ಇಂಥ ಸಲಕರಣೆಗಳನ್ನು ದುಡಿಯುವವರ ಮೈಕಟ್ಟಿಗೆ, ಮುಖ್ಯವಾಗಿ ಹೆಂಗಸರ ಎತ್ತರ ಮತ್ತು ಹಿಡಿತಕ್ಕೆ, ಹೊಂದಿಸುವ ಬಗ್ಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಡಿಯಲ್ಲಿ ಭೋಪಾಲದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಸಂಶೋಧನೆಗಳು ನಡೆದಿವೆ. ಹಿಡಿಯ ಉದ್ದ ಬಳಸುವವರ ಎದೆಮಟ್ಟಕ್ಕೆ ಸಮೀಪವಿದ್ದರೆ ಬಗ್ಗುವುದು ತಪ್ಪುತ್ತದೆ. ಗಂಡಸರಿಗೆಂದು ಮಾಡಿದ ಸಲಕರಣೆಯನ್ನೇ ಹೆಂಗಸರ ಕೈಗೆ ಕೊಡುವುದು ಸರಿಯಲ್ಲ.

ಭಾರ ಎತ್ತುವಾಗ

ಎತ್ತುವ ಕ್ರಮವನ್ನು ಬಾಯಲ್ಲಿ ಹೇಳಿಕೊಟ್ಟ ಮಾತ್ರದಿಂದ ಸೊಂಟನೋವು ಕಡಿಮೆಯಾಗುವುದಿಲ್ಲವೆಂದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಭಾರವನ್ನೇ ಕಡಿಮೆ ಮಾಡುವುದು ಮೊದಲ ಕೆಲಸ. ಒಬ್ಬ ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967 ರಲ್ಲೇ ಶಿಫಾರಸು ಮಾಡಿತು. ಹೆಂಗಸರಿಗೆ ಇದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. ಆದರೂ ಕೆಲವೆಡೆ ಭತ್ತವನ್ನು 75 ಕಿಲೋ ಚೀಲಗಳಲ್ಲಿ ತುಂಬುವ ರೂಢಿ ಇದೆ. ಆದ್ದರಿಂದ:

1. ಚೀಲಗಳನ್ನು ಸಣ್ಣದಾಗಿ ತುಂಬಬೇಕು. ದೊಡ್ಡ ಚೀಲವನ್ನು ಇಬ್ಬರು ಹಿಡಿಯಬೇಕು, ಇಲ್ಲವೇ ಕೈಗಾಡಿಯಲ್ಲಿ ಸಾಗಿಸಬೇಕು.
2. ಚೀಲಗಳನ್ನು ನೆಲದ ಮೇಲೆ ಹಾಕದೆ ಸೊಂಟದೆತ್ತರದ ಕಟ್ಟೆಯ ಮೇಲೆ ಇಳಿಸಿದರೆ ಮತ್ತೆ ಎತ್ತುವಾಗ ಬಗ್ಗಬೇಕಾಗಿಲ್ಲ.
3. ಎತ್ತುವಾಗ ಭಾರವನ್ನು ಮೈಗೆ ಒತ್ತಿಕೊಂಡು, ಕಾಲಿನ ಬಲದಿಂದ ಏಳಬೇಕು. ತಿರುಗಬೇಕಾದರೆ ಸೊಂಟ ತಿರುಚದೆ ಪಾದ ಎತ್ತಿಟ್ಟು ತಿರುಗಬೇಕು.
4. ಒಂದು ಕೈಯಲ್ಲಿ ತುಂಬಿದ ಕೊಡ ಹಿಡಿಯುವ ಬದಲು ಎರಡು ಕೈಗಳಲ್ಲಿ ಅರ್ಧರ್ಧ ತುಂಬಿದ ಕೊಡ ಹಿಡಿಯುವುದು ಲೇಸು. ಸಿಂಪರಣಾ ಯಂತ್ರದ ಎರಡೂ ಪಟ್ಟಿಗಳನ್ನು ಹೆಗಲಿಗೆ ಹಾಕಿಕೊಳ್ಳಬೇಕು.
5. ಒಂದೇ ಕೆಲಸವನ್ನು ದಿನವಿಡೀ ಮಾಡದೆ, ಬಗ್ಗುವ ಕೆಲಸದ ನಡುವೆ ನಿಲ್ಲುವ, ನಡೆಯುವ ಕೆಲಸ ಸೇರಿಸಬೇಕು. ನಾಟಿಯವರೂ ಪೈರು ಹಂಚುವವರೂ ಗಂಟೆಗೊಮ್ಮೆ ಕೆಲಸ ಬದಲಾಯಿಸಿಕೊಳ್ಳಬಹುದು.
6. ಹಂಗಾಮು ಆರಂಭವಾಗುವ ಮೂರು ನಾಲ್ಕು ವಾರ ಮೊದಲೇ ವ್ಯಾಯಾಮ ಶುರುಮಾಡಿದರೆ ಮೈ ಹದಕ್ಕೆ ಬಂದಿರುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ

ತಿಳಿವಳಿಕೆ ಹರಡುವುದರಿಂದಲೇ ಸೊಂಟನೋವಿನ ಹಾನಿಯನ್ನು ತಗ್ಗಿಸಬಹುದೆಂಬುದಕ್ಕೆ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ ಒಳ್ಳೆಯ ನಿದರ್ಶನ. 1997 ರಿಂದ 1999 ರವರೆಗೆ ಅಲ್ಲಿ ದೂರದರ್ಶನ ಮೊದಲಾದ ಮಾಧ್ಯಮಗಳ ಮೂಲಕ "ಸೊಂಟನೋವೆಂದು ಮಲಗಬೇಡಿ, ಚಟುವಟಿಕೆಯಿಂದಿರಿ" ಎಂಬ ಸಂದೇಶವನ್ನು ಬಿಡದೆ ಪ್ರಚಾರ ಮಾಡಲಾಯಿತು. ಜನರ ನಂಬಿಕೆ ಬದಲಾಯಿತು, ವೈದ್ಯರ ಸಲಹೆಯ ಕ್ರಮವೂ ಬದಲಾಯಿತು, ಸೊಂಟನೋವಿಗಾಗಿ ಪರಿಹಾರ ಕೇಳುವ ಅರ್ಜಿಗಳು ಇಳಿದವು. ಪ್ರಚಾರ ನಡೆಯದ ನೆರೆಯ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ಇಂಥ ಬದಲಾವಣೆ ಕಾಣಲಿಲ್ಲ.

ರೈತ ಸಂಪರ್ಕ ಕೇಂದ್ರಗಳಲ್ಲಿ ಬಿತ್ತನೆ ಬೀಜ ವಿತರಿಸುವ ದಿನಗಳಲ್ಲೇ ಹತ್ತು ನಿಮಿಷ ಈ ವಿಷಯ ತಿಳಿಸಬಹುದು. ಕ್ಷೇತ್ರೋತ್ಸವಗಳಲ್ಲಿ ಸೈಕಲ್ ಎಡೆಕುಂಟೆಯನ್ನು ಹೆಂಗಸರ ಕೈಗೇ ಕೊಟ್ಟು ತಳ್ಳಿಸಿ ನೋಡಬೇಕು. ಜಿಲ್ಲಾ ಆಸ್ಪತ್ರೆಯ ಭೌತಚಿಕಿತ್ಸಕರನ್ನು ರೈತ ತರಬೇತಿಗಳಿಗೆ ಕರೆಸಿ ವ್ಯಾಯಾಮಗಳನ್ನು ಮಾಡಿಸಿ ತೋರಿಸಬೇಕು. "ನಿಮ್ಮ ಬೆನ್ನು ಸವೆದುಹೋಗಿದೆ" ಎಂಬಂಥ ಎದೆಗೆಡಿಸುವ ಮಾತುಗಳನ್ನು ಯಾರೂ ಆಡಬಾರದು. ಹಾಗೆಯೇ ತುರ್ತು ಲಕ್ಷಣಗಳಿರುವವರನ್ನು "ನಡೆದರೆ ಸರಿಹೋಗುತ್ತದೆ" ಎಂದು ಹೇಳಿ ಕಳುಹಿಸಬಾರದು.

ಕೊನೆಯ ಮಾತು

ಮೇಲೆ ಹೇಳಿದ ಉದಾಹರಣೆಯ ರೈತನ ಕಥೆ ಬೇರೆಯಾಗಬಹುದಿತ್ತು. ಸೊಂಟ ಹಿಡಿದ ದಿನ ಆತ ಮಲಗಿ, ನಡುನಡುವೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುತ್ತಿದ್ದ. ಕಾಲಿನ ಬಲ, ಮೂತ್ರದ ಹಿಡಿತ ಸರಿಯಾಗಿವೆಯೆಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿಕೊಳ್ಳುತ್ತಿದ್ದ. ಮೂರನೆಯ ದಿನ ನೀರು ಕಟ್ಟಲು ಹೊಲದವರೆಗೆ ನಡೆಯುತ್ತಿದ್ದ. ನಾಟಿಯ ದಿನ ಬಗ್ಗುವ ಕೆಲಸವನ್ನು ಮುಯ್ಯಾಳುಗಳಿಗೆ ಬಿಟ್ಟು, ತಾನು ಬದುವಿನ ಮೇಲೆ ನಡೆದಾಡುತ್ತಾ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ. ಪೈರು ಬಲಿಯುತ್ತಿರಲಿಲ್ಲ, ಹಸುವೂ ಕೊಟ್ಟಿಗೆಯಲ್ಲೇ ಇರುತ್ತಿತ್ತು.

ಭೂಮಿಯನ್ನು ಹದವಾಗಿಟ್ಟುಕೊಂಡ ರೈತನಿಗೆ ಮೈಯನ್ನು ಹದವಾಗಿಟ್ಟುಕೊಳ್ಳುವುದು ಹೊಸ ವಿದ್ಯೆಯಲ್ಲ. ಅತಿಯಾಗಿ ಉತ್ತರೂ ಮಣ್ಣು ಕೆಡುತ್ತದೆ, ಪಾಳು ಬಿಟ್ಟರೂ ಕೆಡುತ್ತದೆ. ಸೊಂಟದ ವಿಷಯವೂ ಅಷ್ಟೇ.